ಸೊಕ್ಕು ಯಾರದು?

ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ: ಸಕ್ಕರೆ ಕಾಯಿಲೆಯ ನನ್ನ ಅಕ್ಕನಿಗೆ ಆಸ್ಪತ್ರೆಯ ಹಾಸಿಗೆಯ ಮೇಲೆಯೇ ಬೆಲ್ಲ ತಿನ್ನಿಸಿದವನು ನಾನು. ನಿಂಬೆಹಣ್ಣಿನಷ್ಟು ದೊಡ್ಡ ತುಂಡು ಎಂದು ಅಕ್ಕ ಎಲ್ಲರ ಹತ್ತಿರ ಹೇಳುತ್ತಾಳೆ. ಅದು ಸುಳ್ಳು. ಗೋಲಿಯಷ್ಟಿತ್ತು. ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳುತ್ತಲೇ ನಿವೃತ್ತನಾದವನಿಗೆ ಅಳತೆಯ ವಿಷಯದಲ್ಲಿ ರಾಜಿ ಸಾಧ್ಯವಿಲ್ಲ. ಆದರೆ ಅಳತೆ ಸರಿಯಿದ್ದ ಮಾತ್ರಕ್ಕೆ ಆರೋಪಿ ಬಿಡುಗಡೆಯಾಗುವುದಿಲ್ಲ ಎಂಬುದನ್ನೂ ಅಲ್ಲಿಯೇ ಕಲಿತಿದ್ದೇನೆ.

ಅಕ್ಕನ ಮನೆ ಭಟ್ಕಳದ ಹತ್ತಿರದ ಹೆಬಳೆಯಲ್ಲಿ. ಕೊಯ್ಲಾದ ಗದ್ದೆಯಲ್ಲಿ ನಡೆಯುವಾಗ ಕೂಳೆ, ಅಂದರೆ ಕೊಯ್ದು ಉಳಿದ ಪೈರಿನ ಬುಡ, ಚುಚ್ಚಿ ಪಾದಕ್ಕೆ ಗಾಯವಾಯಿತು. ಸಕ್ಕರೆ ಕಾಯಿಲೆಯಿಂದಾಗಿ ಅದು ಮಾಯಲಿಲ್ಲ. ನಮ್ಮ ಮೂರು ತಾಲೂಕುಗಳಲ್ಲಿ ಕಾಯಿಲೆ ದೊಡ್ಡದೆಂದು ಗೊತ್ತಾದ ಮೇಲೆ ಜನ ‘ಎಂತ ಆತು’ ಎಂದು ಕೇಳುವುದಿಲ್ಲ, ‘ಯಾವ ಬದಿಗೆ ಕರ್ಕಂಡು ಹೋಗೂದು’ ಎಂದು ಕೇಳುತ್ತಾರೆ. ಭಟ್ಕಳದವರು ತೆಂಕಕ್ಕೆ ಮುಖ ಮಾಡುತ್ತಾರೆ. ಕುಮಟೆಯವರು ಬಡಗಕ್ಕೋ ಘಟ್ಟದ ಮೇಲಕ್ಕೋ ಎಂದು ಯೋಚಿಸುತ್ತಾರೆ. ನಡುವಿನ ಹೊನ್ನಾವರದವನಾದ ನಾನು ಇಬ್ಬರಿಗೂ ಸಲಹೆ ಕೊಡುತ್ತೇನೆ. ಅಂತೂ ಹಲವು ತಾಸು ದೂರದ ಒಂದು ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಅಕ್ಕನನ್ನು ಸೇರಿಸಿದೆವು. ನೋಡಿಕೊಳ್ಳಲು ನಾನು ನಿಂತೆ.

ಸೇರಿಸಿದ ದಿನವೇ ನರ್ಸಮ್ಮ ಅಕ್ಕನ ಕವಳದ ಸಂಚಿಯನ್ನು ಕಿತ್ತು ನನ್ನ ಕೈಗೆ ಕೊಟ್ಟರು. ಎಲೆ, ಅಡಿಕೆ, ಸುಣ್ಣದ ಡಬ್ಬಿ, ತಂಬಾಕಿನ ಚೂರು ಎಲ್ಲವೂ ಅದರಲ್ಲಿದ್ದವು. ಕೋರ್ಟಿನಲ್ಲಿ ಜಪ್ತಿಯಾದ ವಸ್ತುವಿಗೆ ಮುದ್ದೆಮಾಲು ಎನ್ನುತ್ತೇವೆ. ನಾನು ಆ ಮುದ್ದೆಮಾಲನ್ನು ನನ್ನ ಕೈಚೀಲದ ತಳದಲ್ಲಿಟ್ಟು ಮೇಲೆ ಟವೆಲು ಹೊದಿಸಿದೆ. ಅದು ಅಲ್ಲಿಂದ ಕದಲಲಿಲ್ಲ ಎಂದು ಯಾವ ಕಟಕಟೆಯಲ್ಲಾದರೂ ಪ್ರಮಾಣ ಮಾಡಬಲ್ಲೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ.

ಕಲಿಸುವ ಆಸ್ಪತ್ರೆಯಲ್ಲಿ ಬೆಳಗಿನ ಭೇಟಿ ಎಂದರೆ ಒಂದು ಮೆರವಣಿಗೆ. ಮುಂದೆ ಪ್ರೊಫೆಸರರು, ಅವರ ಹಿಂದೆ ಚಿಕ್ಕ ಡಾಕ್ಟರುಗಳು, ಅವರ ಹಿಂದೆ ವಿದ್ಯಾರ್ಥಿಗಳು. ಕಟ್ಟಕಡೆಯ ಸಾಲಿನವರಿಗೆ ಕಾಣಿಸುವುದು ಮುಂದಿನವರ ಬಿಳಿ ಕೋಟಿನ ಬೆನ್ನು ಮಾತ್ರ. ಆ ಬೆನ್ನನ್ನು ಅವರು ಬಹಳ ಆಳವಾಗಿ ಅಭ್ಯಾಸ ಮಾಡುತ್ತಿದ್ದರು. ಪ್ರೊಫೆಸರರು ಪ್ರಶ್ನೆ ಕೇಳಿದರೆ ಎಲ್ಲರೂ ಒಟ್ಟಿಗೆ ಫ್ಯಾನಿನ ಕಡೆ ನೋಡುತ್ತಿದ್ದರು. ಅಕ್ಕನೂ ಫ್ಯಾನು ನೋಡುತ್ತಿದ್ದಳು, ಅಲ್ಲೇನೋ ಬರೆದಿರಬೇಕೆಂದು. ಅಷ್ಟು ಜನ ನೋಡುತ್ತಿದ್ದುದು ಒಂದು ಎಡಗಾಲನ್ನು. ಅದರ ಮೇಲುಗಡೆ ಒಬ್ಬಳು ಹೆಂಗಸು ಇದ್ದಾಳೆ ಎಂಬುದು ಪಾಠದಲ್ಲಿ ಇರಲಿಲ್ಲವೇನೋ.

ಮಧ್ಯಾಹ್ನ ಆ ವಿದ್ಯಾರ್ಥಿಗಳು ಗುಂಪು ಗುಂಪಾಗಿ ಬಂದು, ಗಾಯ ಹೇಗಾಯಿತು ಎಂಬ ಅದೇ ಕತೆ ಕೇಳುತ್ತಿದ್ದರು. ಅಕ್ಕ ನಾಟಿಯ ಹಾಡು ಹೇಳುವವಳು. ಅವಳ ಬಾಯಲ್ಲಿ ಯಾವ ಹಾಡೂ ಎರಡು ಸಲ ಒಂದೇ ಥರ ಬಂದದ್ದಿಲ್ಲ. ಗಾಯದ ಕತೆಯೂ ಹಾಗೇ ಬೆಳೆಯಿತು.

“ಅಕ್ಕ, ನಿನ್ನೆ ಕೂಳೆ ಚುಚ್ಚಿತು ಅಂದಿದ್ದೆ, ಇವತ್ತು ಮುಳ್ಳು ಅಂತೆ.”

“ಕೂಳೆ ಅಂದ್ರೆ ಆ ಮಕ್ಕಳಿಗೆ ತಿಳಿಯೂದಿಲ್ಲ ಮಾರಾಯ. ನೀ ಸುಮ್ನಿರು, ಇದು ನಿನ್ನ ಕೋರ್ಟಲ್ಲ.”

ಕೋರ್ಟಿನಲ್ಲಾದರೆ ಹೀಗೆ ನಡೆಯುತ್ತಿರಲಿಲ್ಲ. ಸಾಕ್ಷಿ ಊರಿನ ಮಾತು ಆಡಿದರೆ ಅದನ್ನೇ ಬರೆಯಬೇಕು. ಘಟ್ಟದ ಮೇಲಿನಿಂದ ವರ್ಗವಾಗಿ ಬಂದ ನ್ಯಾಯಾಧೀಶರೊಬ್ಬರಿದ್ದರು. ತೆಂಗಿನಗುಂಡಿಯ ದೋಣಿಯವನೊಬ್ಬ, ಅಲೆ ಜೋರಿತ್ತು ಎನ್ನಲು, “ಆ ದಿನ ಕಡಲು ಎದ್ದಿತ್ತು ಸ್ವಾಮಿ” ಎಂದಾಗ ಅವರು ಗಂಭೀರವಾಗಿ “ಎದ್ದು ಎಲ್ಲಿಗೆ ಹೋಯಿತು?” ಎಂದು ಕೇಳಿದ್ದರು. ನಾವು ಗುಮಾಸ್ತರೆಲ್ಲ ಕಡತದ ಹಿಂದೆ ಮುಖ ಮುಚ್ಚಿಕೊಂಡು ನಕ್ಕಿದ್ದೆವು. ಆ ನಗುವಿಗೆ ಈಗ ಬಡ್ಡಿ ಸಮೇತ ದಂಡ ತೆತ್ತಿದ್ದೇನೆ.

ಮೂರನೆಯ ದಿನ ಬೆಳಿಗ್ಗೆ ಅಕ್ಕ ಬಚ್ಚಲಿನಿಂದ ಗೋಡೆ ಹಿಡಿದುಕೊಂಡು ಬಂದಳು. ಹಣೆಯ ಮೇಲೆ ಬೆವರು.

“ಎಂತ ಆತು?”

“ಎಂತಾ ಇಲ್ಲ, ಸೊಕ್ಕಿತು.”

ನಮ್ಮ ಕಡೆ ಎಳೆ ಅಡಿಕೆಯೋ ಹೊಸ ಅಡಿಕೆಯೋ ಒಮ್ಮೊಮ್ಮೆ ತಲೆಗೇರಿ ಬೆವರು ಬಂದು ಕಣ್ಣು ಕತ್ತಲಿಟ್ಟರೆ ಅಡಿಕೆ ಸೊಕ್ಕಿತು ಎನ್ನುತ್ತೇವೆ. ಒಂದು ಚೂರು ಬೆಲ್ಲ, ಒಂದು ಲೋಟ ನೀರು, ಐದು ನಿಮಿಷ ಕೂತರೆ ಆತು. ನಾನು ಓಡಿಹೋಗಿ ಕ್ಯಾಂಟೀನಿನಿಂದ ಬೆಲ್ಲ ತಂದೆ. ಅಕ್ಕ ತಿಂದಳು, ಮಲಗಿದಳು. ಮಧ್ಯಾಹ್ನ ರಕ್ತ ಪರೀಕ್ಷಿಸಿದ ನರ್ಸಮ್ಮ ಹುಬ್ಬು ಗಂಟಿಕ್ಕಿದರು. ನಾನೂ ಫ್ಯಾನಿನ ಕಡೆ ನೋಡಿದೆ. ಮರುದಿನ ಕಾಲಿನ ಆಪರೇಷನ್ ಎಂದು ನಿಗದಿಯಾಗಿತ್ತು.

ಆ ಸಂಜೆ ಕಡೆಯ ಸಾಲಿನ ಒಬ್ಬ ಹುಡುಗಿ ಒಂಟಿಯಾಗಿ ಬಂದಳು. ಹೆಸರು ಹರ್ಷಿತಾ, ಕೋಲಾರದ ಕಡೆಯವಳು. ಮೆರವಣಿಗೆಯಲ್ಲಿ ಏನೂ ಕಾಣಿಸದಿದ್ದುದರಿಂದ ಮತ್ತೆ ಬಂದೆ ಎಂದಳು. ಪಾಪ, ಪ್ರಾಮಾಣಿಕಳು. ಸ್ಟೂಲು ಎಳೆದುಕೊಂಡು ಕೂತಳು. ಅಷ್ಟು ದಿನಗಳಲ್ಲಿ ಅಕ್ಕನ ಹತ್ತಿರ ಕೂತು ಮಾತಾಡಿದ ಮೊದಲ ಬಿಳಿ ಕೋಟು ಅದು. ಗಾಯದ ಹಾಡು ಮುಗಿದ ಮೇಲೆ ಕೇಳಿದಳು: “ಬೇರೆ ಏನಾದ್ರೂ ತೊಂದ್ರೆ ಇದೆಯಾ ಅಜ್ಜಿ?”

“ಇಲ್ಲ ತಂಗಿ. ಬೆಳಿಗ್ಗೆ ಒಂದು ಸಲ ಸೊಕ್ಕಿತ್ತು, ಅಷ್ಟೇ. ಬರೂಕಿಂತ ಮುಂಚೆ ಮನೇಲೂ ಒಂದು ಸಲ.”

ಹುಡುಗಿಯ ಪೆನ್ನು ನಿಂತಿತು. “ಸೊಕ್ಕಾ? ನಿಮಗಾ? ನೀವು ಇಷ್ಟು ಚೆನ್ನಾಗಿ ಮಾತಾಡ್ತೀರಲ್ಲ ಅಜ್ಜಿ, ನಿಮಗ್ಯಾಕೆ ಸೊಕ್ಕು?”

“ಸೊಕ್ಕು ನಂದಲ್ಲ ತಂಗಿ, ಅಡಿಕೆದು!”

ನಾನು ನಕ್ಕೆ. ಕಡತದ ಹಿಂದೆ ನಕ್ಕ ಅದೇ ನಗು. ಆಮೇಲೆ ದೊಡ್ಡ ಪಂಡಿತನಂತೆ ಆ ಪದದ ಅರ್ಥ, ಅಡಿಕೆಯ ಗುಣ, ಬೆಲ್ಲದ ಮಹಿಮೆ ಎಲ್ಲವನ್ನೂ ವಿವರಿಸಿದೆ. ಅವಳು ಒಂದೂ ಬಿಡದೆ ಬರೆದುಕೊಂಡಳು. ಬರೆದು ಮುಗಿಸಿ, ತಾನು ಬರೆದದ್ದನ್ನು ಓದಿ, ಕೇಳಿದಳು: “ಅಂಕಲ್, ಇಲ್ಲಿ ಕವಳ ಹಾಕೋಕೆ ಬಿಡಲ್ವಲ್ಲ? ಇವತ್ತು ಬೆಳಿಗ್ಗೆ ಅಡಿಕೆ ಎಲ್ಲಿಂದ ಬಂತು?”

ಮುದ್ದೆಮಾಲು ನನ್ನ ಚೀಲದ ತಳದಲ್ಲಿತ್ತು. ಟವೆಲು ಇಟ್ಟಲ್ಲೇ ಇತ್ತು. ಅದನ್ನು ಕಾಯುತ್ತಿದ್ದವನು ನಾನೇ. ಅಡಿಕೆ ಎಲ್ಲಿಂದಲೂ ಬಂದಿರಲಿಲ್ಲ.

ಅವಳು ಎದ್ದು ಹೋದಳು. ಓಡಲಿಲ್ಲ, ಆದರೆ ಸ್ಟೂಲನ್ನು ಹಿಂದಕ್ಕಿಡಲಿಲ್ಲ. ಚಿಕ್ಕ ಡಾಕ್ಟರು ಬಂದರು, ಇಸಿಜಿಯ ತಂತಿಗಳು ಬಂದವು, ಮತ್ತೆ ರಕ್ತ ತೆಗೆದರು. ಸೇರಿಸಿದ ದಿನದ ಇಸಿಜಿ ಸುಮಾರಾಗಿಯೇ ಇತ್ತಂತೆ. ಈ ದಿನದ್ದು ಹಾಗಿರಲಿಲ್ಲ. ಸಕ್ಕರೆ ಕಾಯಿಲೆಯವರಿಗೆ ಎದೆನೋವೇ ಇಲ್ಲದೆ, ಬರೀ ಬೆವರಾಗಿ, ಕಣ್ಣು ಕತ್ತಲಾಗಿಯೂ ಹೃದಯಾಘಾತ ಬರುವುದುಂಟಂತೆ. ಆಪರೇಷನ್ ಮುಂದಕ್ಕೆ ಹೋಯಿತು. ಅಕ್ಕ ಕಾಲಿನ ವಾರ್ಡಿನಿಂದ ಹೃದಯದ ವಾರ್ಡಿಗೆ ಹೋದಳು. “ಬಡ್ತಿ ಸಿಕ್ಕಿತು ನೋಡು” ಎಂದಳು, ಸ್ಟ್ರೆಚರಿನ ಮೇಲಿಂದ. ನನಗೆ ನಗು ಬರಲಿಲ್ಲ.

ಎರಡು ದಿನದ ಮೇಲೆ ಪ್ರೊಫೆಸರರು ಅಲ್ಲಿಗೂ ಬಂದರು. ಕಡೆಯ ಸಾಲಿನಿಂದ ಹರ್ಷಿತಾಳನ್ನು ಮುಂದಕ್ಕೆ ಕರೆದು ಕತೆ ಹೇಳಿಸಿದರು. ಕೇಳಿ, ಸ್ವಲ್ಪ ಹೊತ್ತು ಫ್ಯಾನು ನೋಡಿದವರು ಈ ಸಲ ಅವರೇ.

“ನಮ್ಮ ಮನೆ ಕುಮಟೆ,” ಎಂದರು. “ಅಜ್ಜಿ ನನ್ನ ಹತ್ತಿರ ಸೊಕ್ಕಿತು ಅಂದಿದ್ರೆ ನಾನೂ ಹೌದಾ ಅಂದು ಮುಂದಿನ ಮಂಚಕ್ಕೆ ಹೋಗ್ತಿದ್ದೆ.”

ವೈದ್ಯಶಿಕ್ಷಣ ಸುಧಾರಿಸಬೇಕೆಂದು ಪತ್ರಿಕೆಗಳಲ್ಲಿ ಓದುತ್ತಿರುತ್ತೇನೆ. ಹೊಸ ಯಂತ್ರ, ಹೊಸ ಕಟ್ಟಡ, ಗೊಂಬೆಯ ಮೇಲೆ ಅಭ್ಯಾಸ. ಇರಲಿ, ಎಲ್ಲವೂ ಬೇಕು. ಆದರೆ ಗೊಂಬೆಗೆ ಸೊಕ್ಕುವುದಿಲ್ಲ. ನನ್ನನ್ನು ಯಾರೂ ಕೇಳಿಲ್ಲ, ಕೇಳಿದರೆ ಎರಡೇ ಸಲಹೆ ಕೊಡುತ್ತೇನೆ. ಪ್ರತಿ ಮಂಚದ ಪಕ್ಕ ಒಂದು ಸ್ಟೂಲು ಇರಲಿ. ಅದರ ಮೇಲೆ ಆ ಊರಿನ ಮಾತು ಬಾರದ ಹುಡುಗರನ್ನೇ ಕೂರಿಸಲಿ. ಗೊತ್ತಿರುವವರು ತಲೆಯಾಡಿಸುತ್ತಾರೆ, ಗೊತ್ತಿಲ್ಲದವರು ಕೇಳುತ್ತಾರೆ. ಆ ಪ್ರೊಫೆಸರರು ಅರ್ಧದಷ್ಟು ಮಾಡಿದ್ದಾರೆ: ಈಗ ಪ್ರತಿ ವಿದ್ಯಾರ್ಥಿಯೂ ತನಗೆ ತಿಳಿಯದ ಒಂದು ಮಾತನ್ನು ದಿನಾ ರೋಗಿಯಿಂದ ಕೇಳಿ ಬರೆದು ತರಬೇಕಂತೆ. ಹರ್ಷಿತಾ ಫೋನಿನಲ್ಲಿ ಹೇಳಿದಳು. ಅವಳ ಪಟ್ಟಿಯಲ್ಲಿ ಎರಡನೆಯದು ಕೂಳೆ.

ಅಕ್ಕ ಈಗ ಹೆಬಳೆಯಲ್ಲಿದ್ದಾಳೆ. ಕಾಲು ಉಳಿಯಿತು, ಕವಳ ಬಿಟ್ಟಳು. ಮೊನ್ನೆ ನಾನು ಹೋದಾಗ ಪಕ್ಕದ ಮನೆಯ ಮಾದೇವಿ ಬಂದು ಜಗಲಿಯ ಮೇಲೆ ಕೂತು, “ಯಾಕೋ ಸೊಕ್ಕಿತು ಮಾರಾಯ್ತಿ, ಒಂದು ಚೂರು ಬೆಲ್ಲ ಕೊಡು” ಎಂದಳು.

ಅಕ್ಕ ಬೆಲ್ಲ ತರಲಿಲ್ಲ. ಮಣೆ ಎಳೆದುಕೊಂಡು ಎದುರಿಗೆ ಕೂತಳು. “ಸೊಕ್ಕು ಅಂದ್ರೆ ಎಂತ? ಎಂತೆಂತ ಆತು, ಮೊದಲಿಂದ ಹೇಳು.”

ಮಾದೇವಿ ಅವಳ ಮುಖವನ್ನೇ ನೋಡಿದಳು. “ಹುಟ್ಟಿದಾಗಿಂದ ಕವಳ ಹಾಕಿದವಳಿಗೆ ಸೊಕ್ಕು ಅಂದ್ರೆ ಗೊತ್ತಿಲ್ವಾ? ದೊಡ್ಡ ಆಸ್ಪತ್ರೆಗೆ ಹೋಗಿ ಬಂದದ್ದೇ ನಿನಗೆ ಸೊಕ್ಕು ಬಂತು!”

“ಬಂತು,” ಎಂದಳು ಅಕ್ಕ, “ಇದು ಮಾತ್ರ ಅಡಿಕೆದಲ್ಲ. ಹೇಳು, ಕವಳ ಹಾಕಿ ಎಷ್ಟು ಹೊತ್ತಾಗಿತ್ತು?”

ನಾನು ತಲೆಯಾಡಿಸಲಿಲ್ಲ. ಮಾದೇವಿಯ ಉತ್ತರಕ್ಕಾಗಿ ಕಾದು ಕೂತೆ.