ಅಣ್ಣನ ಬಲಗಿವಿ

"ಭಟ್ರೇ, ನಿಮ್ಮನ್ನು ಮಾತಾಡಿಸ್ಲಿಕ್ಕೆ ಟ್ರಂಕ್ ಕಾಲ್ ಬುಕ್ ಮಾಡ್ಬೇಕಾ?"

ಎರಡು ತಿಂಗಳ ಹಿಂದೆ, ವಡಾಲದ ಹೋಟೆಲಿನಲ್ಲಿ ಮಾಣಿ ಹೀಗೆ ಕೂಗಿದಾಗ ಟೇಬಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ದೋಸೆ ಕಾವಲಿಯ ಮುಂದೆ ನಿಂತಿದ್ದ ಭಟ್ಟ, ನನ್ನ ಅಣ್ಣ, ಮಾತ್ರ ನಗಲಿಲ್ಲ. ಅವನಿಗೆ ಕೇಳಿಸಿರಲೇ ಇಲ್ಲ.

ಆ ಹೋಟೆಲಿನಲ್ಲಿ ಚೀಟಿ ಬರೆಯುವ ಪದ್ಧತಿ ಇಲ್ಲ. ಮಾಣಿ ಹೊರಗಿನಿಂದ ಕೂಗುತ್ತಾನೆ: "ಎರಡು ಮಸಾಲೆ, ಒಂದು ಸಾದಾ ಕಡಕ್!" ಕಾವಲಿಯವನು ಕೇಳಿಸಿಕೊಂಡೇ ನೆನಪಿಡಬೇಕು. ಕಿವಿ ಹೋದರೆ ಕೆಲಸ ಹೋಯಿತು. ಅಣ್ಣನ ಎಡಗಿವಿ ಚಿಕ್ಕಂದಿನಲ್ಲೇ ಸೋರಿ ಮಂದವಾಗಿತ್ತು. ಹದಿನೆಂಟು ವರ್ಷ ಅವನು ದುಡಿದದ್ದು ಬಲಗಿವಿಯೊಂದನ್ನೇ ನಂಬಿ. ಈಗ ಅದೂ ಕಟ್ಟಿತ್ತು.

ಮರುದಿನ ಭಾನುವಾರ. ಚಾಳಿನ ನನ್ನ ಖೋಲಿಗೆ ಅಣ್ಣ ಬಂದ.

"ಹತ್ತಿ ತುರುಕಿದ ಹಾಗೆ ಆಗ್ತದೆ ಮಾರಾಯ. ಡಾಕ್ಟ್ರ ಹತ್ರ ಹೋಗುದಾ? ನೀನು ಓದಿದವ, ಹೇಳು."

ನೀನು ಓದಿದವ! ನಮ್ಮ ಕುಟುಂಬದಲ್ಲಿ ಬಿ.ಎ. ಮಾಡಿದವನು ನಾನೊಬ್ಬನೇ. ಹಗಲು ಲೋಟ ತೊಳೆದು, ನೈಟ್ ಸ್ಕೂಲಿನಲ್ಲಿ ತೂಕಡಿಸಿ, ಕಾಲೇಜಿನಲ್ಲಿ ಎರಡು ಸಲ ಫೇಲಾಗಿ ಪಡೆದ ಡಿಗ್ರಿ. (ಅದರ ಹೆಮ್ಮೆ ನನಗಿದೆ, ಮುಚ್ಚಿಡುವುದಿಲ್ಲ.) ಊರಿನ ಕಾಗದದಿಂದ ಹಿಡಿದು ಮಗುವಿನ ಜ್ವರದವರೆಗೆ ಚಾಳಿನವರೆಲ್ಲ ನನ್ನನ್ನೇ ಕೇಳುತ್ತಾರೆ. ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಚಟ ನನಗೂ ಅಂಟಿದೆ. ನಾನು ಓದಿದ್ದು ಇತಿಹಾಸ. ಅದರಲ್ಲಿ ಕಿವಿಯ ಬಗ್ಗೆ ಏನಿತ್ತು?

"ಗುಗ್ಗೆ ಕಟ್ಟಿದೆ ಅಣ್ಣ, ಅಷ್ಟೇ. ಇದಕ್ಕೆಲ್ಲ ಆಸ್ಪತ್ರೆಯಲ್ಲಿ ಕ್ಯೂ ನಿಲ್ತಾರಾ?" ಎಂದೆ.

ಬೆಳ್ಳುಳ್ಳಿ ಹಾಕಿ ಕೊಬ್ಬರಿ ಎಣ್ಣೆ ಕಾಯಿಸಿ ಕಿವಿಗೆ ಬಿಟ್ಟೆ. ಬೆಂಕಿಕಡ್ಡಿಗೆ ಹತ್ತಿ ಸುತ್ತಿ ತಿರುವಿದೆ. (ದಾದರ್ ಸ್ಟೇಷನ್ನಿನ ಹೊರಗೆ ಕೂತು ಕಿವಿಯ ಗುಗ್ಗೆ ತೆಗೆಯುವವರನ್ನು ನಂಬಬೇಡಿ ಎಂದು ಇದೇ ಅಂಕಣದಲ್ಲಿ ಬರೆದವನು ನಾನು!) ಸ್ವಲ್ಪ ಗುಗ್ಗೆ ಹತ್ತಿಗೆ ಅಂಟಿತು. ಗೆದ್ದೆ ಅನ್ನಿಸಿತು. ಉಳಿದದ್ದನ್ನು ನಾನೇ ಒಳಕ್ಕೆ ದೂಡುತ್ತಿದ್ದೇನೆ ಎಂಬುದು ತಿಳಿಯಲಿಲ್ಲ. ಇನ್ನೂ ಸರಿಯಾಗಲಿಲ್ಲ ಎಂದ ಅಣ್ಣ. ಇನ್ನಷ್ಟು ಒಳಗೆ ಹೋದೆ.

"ಅಮ್ಮಾ!" ಎಂದು ಚೀರಿದ. ಕಡ್ಡಿ ಹೊರಬಂದಾಗ ಹತ್ತಿಯ ತುದಿ ಕೆಂಪಾಗಿತ್ತು.

ಆಗಲಾದರೂ ಆಸ್ಪತ್ರೆಗೆ ಓಡಬೇಕಿತ್ತಲ್ಲವೇ? "ಎರಡು ದಿನ ನೋಡುವ" ಎಂದೆ. ಎರಡು ದಿನ ಎರಡು ವಾರವಾಯಿತು. ಕಿವಿ ಸೋರಿ, ದಿಂಬು ನಾರತೊಡಗಿದ ಮೇಲೆ ಹೋದೆವು.

ಡಾಕ್ಟರು ವಯಸ್ಸಾದವರು, ಮರಾಠಿಯವರು. ಹಣೆಯ ಕನ್ನಡಿ ಇಳಿಸಿ ನೋಡಿದರು. "ಕಿವಿಯ ಪರದೆ ಹರಿದಿದೆ. ಕಡ್ಡಿ ಹಾಕಿದ್ದು ಯಾರು?" ಎಂದು ಹಿಂದಿಯಲ್ಲಿ ಕೇಳಿದರು. ಅಣ್ಣನಿಗೆ ಕೇಳಿಸಲಿಲ್ಲ. ಬಾಗಿ, ಕಿವಿಯ ಹತ್ತಿರವೇ ಇನ್ನೊಮ್ಮೆ ಕೂಗಿದರು.

ಅಣ್ಣ ನನ್ನ ಮುಖ ನೋಡಿದ. "ಮೈನೇ ಹೀ ಕಿಯಾ, ಸಾಬ್." ತಾನೇ ಮಾಡಿಕೊಂಡೆ ಎಂದ. ಆಮೇಲೆ ನನ್ನತ್ತ ಕೈ ತೋರಿಸಿ ಸೇರಿಸಿದ: "ಯೇ ಮೇರಾ ಭಾಯಿ. ಬಿ.ಎ."

ಡಾಕ್ಟರು ನನ್ನ ಕಡೆ ತಿರುಗಿದರು. "ನೀವು ಓದಿದವರು. ನೀವಾದರೂ ಹೇಳಬಾರದಿತ್ತೇ? ಗುಗ್ಗೆ ಕೊಳೆಯಲ್ಲ, ಕಿವಿಯನ್ನು ಕಾಯಲಿಕ್ಕೆ ಇರುವುದು. ಸಾಮಾನ್ಯವಾಗಿ ತಾನಾಗಿಯೇ ಹೊರಬರುತ್ತದೆ. ಕಟ್ಟಿಕೊಂಡರೆ ನಾವು ಹನಿ ಹಾಕಿ ಮೆತ್ತಗೆ ಮಾಡಿ ತೆಗೆಯುತ್ತೇವೆ. ಹತ್ತು ನಿಮಿಷದ ಕೆಲಸವಾಗಿತ್ತು."

"ಯೆಸ್ ಡಾಕ್ಟರ್" ಎಂದೆ. ಇಂಗ್ಲಿಷಿನಲ್ಲಿ. ಅಷ್ಟೇ ಹೇಳಿದೆ.

ಸೋರುವುದು ನಿಂತಿದೆ. ಕಿವಿ ಮರಳಲಿಲ್ಲ. ಹತ್ತಿರ ಹೋಗಿ ಕೂಗಿದರೆ ಅಷ್ಟಿಷ್ಟು ಕೇಳುತ್ತದೆ. ಕಾವಲಿಗೆ ಬೇರೆಯವನು ಬಂದಿದ್ದಾನೆ. ಅಣ್ಣ ಹಿಂದಿನ ಕೋಣೆಯಲ್ಲಿ ಹಿಟ್ಟು ರುಬ್ಬುತ್ತಾನೆ. ಅಲ್ಲಿಗೆ ಯಾರೂ ಆರ್ಡರ್ ಕೂಗುವುದಿಲ್ಲ. ಮಾಣಿಯೂ ಈಗ ತಮಾಷೆ ಮಾಡುವುದಿಲ್ಲ.

ಮೊನ್ನೆ ಹೋಗಿದ್ದೆ. ಅಣ್ಣ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಹೊಸ ಭಟ್ಟನಿಗೆ ನನ್ನನ್ನು ತೋರಿಸಿದ. "ನನ್ನ ತಮ್ಮ! ಬಿ.ಎ.!" ಅವನ ದನಿ ಈಗ ಬಹಳ ಏರಿದೆ. ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು.

ತಪ್ಪಾಯಿತು ಎಂದು ಅವನಿಗೆ ನಾನಿನ್ನೂ ಹೇಳಿಲ್ಲ. ಇಲ್ಲಿ ಬರೆದಿದ್ದೇನೆ. ಆದರೆ ಅಣ್ಣನಿಗೆ ಓದಲು ಬಾರದು. ಹೇಳುವುದಾದರೆ ಇಡೀ ಹೋಟೆಲು ಕೇಳುವ ಹಾಗೆ ಕೂಗಿಯೇ ಹೇಳಬೇಕು.

ನಾನು ಕೂಗಿಯೇನೇ?