ಹಂಗಾಮು ತಪ್ಪಿದ ಅಂಬಿಗ

ನಂಬಬೇಡಿ. ನೀವು ಸುಲಭಕ್ಕೆ ನಂಬಿಬಿಟ್ಟರೆ ಸುಳ್ಳುಗಾರನೆಂಬ ನನ್ನ ಎಂಬತ್ತೇಳು ವರ್ಷದ ಕೀರ್ತಿಗೇ ಕುಂದು. ನಮ್ಮ ಅಂಬಿಗ ಕಾಕಾನ ಬಲ ಅಂಗೈ ಎಷ್ಟು ಜಡ್ಡುಗಟ್ಟಿತ್ತೆಂದರೆ, ದಂಡೆಯ ಒಲೆಯಿಂದ ಕೆಂಡ ಎತ್ತಿ ಅದರ ಮೇಲಿಟ್ಟುಕೊಂಡು ಮೂವರಿಗೆ ಬೀಡಿ ಹಚ್ಚಿಕೊಡುತ್ತಿದ್ದ. ಆಮೇಲೆ ನಿಧಾನಕ್ಕೆ ತನ್ನದನ್ನು ಹಚ್ಚಿಕೊಂಡು ಕೆಂಡವನ್ನು ಹೊಳೆಗೆ ಎಸೆಯುತ್ತಿದ್ದ. ಸಾಧ್ಯವೇ ಇಲ್ಲ ಅನ್ನುವವರು ಈಗಲೇ ಎದ್ದು ಹೋಗಬಹುದು.

ಮಾಂಜ್ರಾ ಹೊಳೆಯ ಒಂದು ದಂಡೆ ಭಾಲ್ಕಿಯ ಕಡೆಗೆ, ಇನ್ನೊಂದು ಔರಾದಿನ ಕಡೆಗೆ. ನಡುವೆ ಕಾಕಾ. ಬೇಸಿಗೆಯಲ್ಲಿ ಹೊಳೆ ಮೊಳಕಾಲಿಗೆ ಇಳಿಯುತ್ತಿತ್ತು; ಜನ ಧೋತರ ಎತ್ತಿಕೊಂಡು ನಡೆದೇ ದಾಟುತ್ತಿದ್ದರು, ದೋಣಿ ಹುಣಸೆಮರದ ಕೆಳಗೆ ಬೋರಲು ಬಿದ್ದಿರುತ್ತಿತ್ತು. ಜೂನಿನಲ್ಲಿ ಮಿರಗದ ಮಳೆ ಬಿದ್ದು ಕೆಂಪು ನೀರು ಏರಿದ ದಿನ ಕಾಕಾ ದೋಣಿಗೆ ಡಾಂಬರು ಬಳಿದು, ಕಾಯಿ ಒಡೆದು, ನೀರಿಗಿಳಿಸುತ್ತಿದ್ದ. ದೋಣಿ ಹಂಗಾಮು ಎಂದರೆ ಮಳೆಗಾಲ. ಬೇರೆ ಹಂಗಾಮು ಇರಬಹುದೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ದೋಣಿಯಲ್ಲಿ ಅವನದೇ ಕಾಯಿದೆ. ಹೊಲದ ಬದುವಿಗಾಗಿ ಮಾತುಬಿಟ್ಟ ಅಣ್ಣತಮ್ಮ ಒಮ್ಮೆ ಎರಡು ತುದಿಗೆ ಕೂತಿದ್ದರು. ನಡುನೀರಿನಲ್ಲಿ ಕಾಕಾ ದೋಣಿ ನೂಕುವ ಗಳ ಎತ್ತಿ ಮಡಿಲಲ್ಲಿಟ್ಟುಕೊಂಡ.

"ಮಾತಾಡ್ರಿ. ಇಲ್ಲಾಂದ್ರ ಇಲ್ಲೇ ಕೂತಿರೋಣು. ನನಗೇನ್ ಮನ್ಯಾಗ ಯಾರೂ ದಾರಿ ಕಾಯಂಗಿಲ್ಲ."

ಅವರು ಮಾತಾಡಿದರು. ಮೊದಲು ಬೈದಾಡಿದರು, ಆದರೂ ಅದು ಮಾತೇ.

ನಾನೋ, ಇಪ್ಪತ್ತರ ಪೋರ, ಎರಡೂ ದಂಡೆಗೆ ನನ್ನಷ್ಟು ಕಿಡಿಗೇಡಿ ಇನ್ನೊಬ್ಬನಿರಲಿಲ್ಲ. ಒಂದು ದಿನ "ದೋಣಿ ತೂತು ಬಿದ್ದದರ್ರೋ, ನೀರು ಬರ್ಲಕತ್ತದ!" ಎಂದು ಕೂಗಿಬಿಟ್ಟೆ. ಡಾಬಕಾ ಊರಿನ ಮುದುಕಿಯೊಬ್ಬಳು ಹೆದರಿ ಕೈಯಲ್ಲಿದ್ದ ಕೋಳಿಯನ್ನೇ ಬಿಟ್ಟಳು. ಕಾಕಾ ಗಳದ ತುದಿಯಿಂದ ನನ್ನನ್ನು ನೀರಿಗೆ ತಳ್ಳಿದ. ಎರಡು ಗುಟುಕು ಕುಡಿದ ಮೇಲೆ ಜುಟ್ಟು ಹಿಡಿದು ಎತ್ತಿದ.

"ಈಗ ಹೇಳೋ ತಮ್ಮಾ, ನೀರು ಎಲ್ಲಿ ಬಂತು?"

ದೋಣಿಯೆಲ್ಲ ನಕ್ಕಿತು. ನಾನು ಸೇಡು ತೀರಿಸಿಕೊಳ್ಳುವುದೆಂದು ಅಂದೇ ಗಂಟುಹಾಕಿಕೊಂಡೆ.

ಆಗಷ್ಟೇ ನಮ್ಮ ಬೀದರವೂ ಕರಾವಳಿಯೂ ಮೈಸೂರು ರಾಜ್ಯಕ್ಕೆ ಸೇರಿದ್ದವು. ಉರ್ದು ಕಾಗದಗಳ ಕಾಲ ಮುಗಿದು ಕನ್ನಡದ ಕಾಗದ ಬರತೊಡಗಿದ್ದವು. ನಮ್ಮ ದಂಡೆಯಲ್ಲಿ ಅವನ್ನು ಓದಬಲ್ಲವನು ನಾನೊಬ್ಬನೇ. ಅಕ್ಷರವೂ ಮುತ್ತಿನಂಥದ್ದು, ಸುಳ್ಳಲ್ಲ. ಅದೇ ವರ್ಷ ಸರ್ವೇ ಮಾಡುವವರು ಹೊಳೆಯ ಎರಡೂ ಕಡೆ ಕೆಂಪು ಬಾವುಟ ನೆಟ್ಟು ಹೋದರು. ಸೇತುವೆ ಬರುತ್ತದಂತೆ.

"ಪುಲ್ ಆದ್ರ ನನ್ನ ದೋಣಿ ಒಲಿಗೇನೋ?" ಎಂದ ಕಾಕಾ. ಆಮೇಲೆ, "ಈಗ ಸಮುದ್ರನೂ ನಮ್ದೇ ಅಂತಲ್ಲ, ಖರೇನಾ?" ಎಂದು ಕೇಳಿದ.

"ಖರೇರಿ ಕಾಕಾ. ನಿಜಾಮನ ಕಾಲಕ್ಕ ಇರಲಿಲ್ಲ. ಈಗ ಬಂದದ."

ಮನೆಗೆ ಹೋಗಿ ಸರ್ಕಾರದ ಹೆಸರಿನಲ್ಲಿ ಕಾಕಾನಿಗೊಂದು ಕಾಗದ ಬರೆದೆ. ಕರಾವಳಿಯಲ್ಲಿ ತೆಂಗಿನ ಮರಗಳ ದ್ವೀಪವೊಂದಿದೆ, ಜನ ರಜೆ ಕಳೆಯಲು ದೋಣಿಯಲ್ಲಿ ಅಲ್ಲಿಗೆ ಹೋಗುತ್ತಾರೆ, ಆ ದೋಣಿ ನಡೆಸಲು ಮಾಂಜ್ರಾದ ಅಂಬಿಗನೇ ಬೇಕು, ಹಂಗಾಮು ಶುರುವಾದ ಕೂಡಲೆ ಹಾಜರಾಗತಕ್ಕದ್ದು. ದ್ವೀಪ ನಾನು ಕ್ಯಾಲೆಂಡರಿನಲ್ಲಿ ನೋಡಿದ್ದು. ಮೊಹರಿಗೆ ಅರ್ಧ ಆಲೂಗಡ್ಡೆಯಲ್ಲಿ ಎರಡು ತಲೆಯ ಹಕ್ಕಿ ಕೆತ್ತಿ ಒತ್ತಿದೆ. ಹಕ್ಕಿ ಕೋಳಿಯಂತೆ ಬಂತು. ಕಾಕಾನ ಮುಂದೆ ನಾನೇ ಗಂಭೀರವಾಗಿ ಓದಿದೆ. ಎರಡು ದಿನ ಕುಣಿಸಿ ನಿಜ ಹೇಳಿಬಿಡುವುದೆಂದು ಲೆಕ್ಕ.

ಅಷ್ಟರಲ್ಲಿ ಎಕಂಬಾದ ಮದುವೆಗೆ ಹೋದವನು ಎಂಟು ದಿನ ಅಲ್ಲೇ ಉಳಿದೆ. ಬರುವಷ್ಟರಲ್ಲಿ ಮಿರಗದ ಮಳೆ ಬಿದ್ದಿತ್ತು. ಕಾಕಾ ದೋಣಿಯನ್ನು ಅಣ್ಣನ ಮಗನಿಗೆ ಕೊಟ್ಟುಬಿಟ್ಟಿದ್ದ, ಊರ ಮುಂದೆ, ಕೈಮೇಲೆ ನೀರು ಬಿಟ್ಟು. ಯಾರದೋ ಹಳೆಯ ಕೋಟು ತೊಟ್ಟು ನನ್ನ ಬಾಗಿಲಲ್ಲಿ ನಿಂತಿದ್ದ.

"ನೀನೂ ನಡಿ ತಮ್ಮಾ. ಆ ಕಡಿ ಮಂದಿ ಕನ್ನಡ ನನಗ ತಿಳಿಯಂಗಿಲ್ಲ."

ನಿಜ ಹೇಳುವ ಬದಲು ಬಟ್ಟೆಯ ಗಂಟು ಕಟ್ಟಿದೆ. ಹೊರಟೆ. ಭಾಲ್ಕಿಯಲ್ಲಿ ರೈಲು ಹತ್ತಿ, ಮೂರು ಸಲ ಬದಲಿಸಿ, ಬಸ್ಸಿನಲ್ಲಿ ಘಟ್ಟ ಇಳಿದು, ಐದನೆಯ ದಿನ ಸಮುದ್ರ ಕಂಡೆವು. ನಿಲ್ಲದ ಮಳೆ. ಮನೆಯ ಮಾಡಿನೆತ್ತರದ ಅಲೆಗಳು. ದೋಣಿಗಳೆಲ್ಲ ಮರಳಿನ ಮೇಲೆ, ತೆಂಗಿನ ಗರಿ ಹೊದ್ದು ಬೋರಲು ಮಲಗಿದ್ದವು.

ಬಲೆ ಹೆಣೆಯುತ್ತಿದ್ದ ಮುದುಕನೊಬ್ಬ ನಮ್ಮನ್ನು ನೋಡಿ ಕಣ್ಣರಳಿಸಿದ. "ದ್ವೀಪಕ್ಕಾ? ಈ ಮಳೆಗಾಲದಲ್ಲಿ ದೋಣಿ ಯಾರು ಬಿಡ್ತಾರೆ ಮಾರಾಯ್ರೆ? ಸಾಯ್ಲಿಕ್ಕಾ?"

ಕಾಕಾ ಕೋಟಿನೊಳಗಿಂದ ಕಾಗದ ತೆಗೆದ. ತೊಯ್ದು ಶಾಯಿಯೆಲ್ಲ ನೀಲಿ ನೀರಾಗಿತ್ತು. ಮುದುಕ ತಿರುವಿ ನೋಡಿ ಹಿಂದಕ್ಕೆ ಕೊಟ್ಟ. ನನಗೆ, ದೇವರಾಣೆ, ಸಮಾಧಾನವಾಯಿತು.

"ಮಳಿ ಬಂದ್ರ ನೀರು, ನೀರು ಬಂದ್ರ ದೋಣಿ," ಎಂದು ಕಾಕಾ ತನಗೇ ಹೇಳಿಕೊಂಡ. "ಇಲ್ಲಿ ಎಲ್ಲಾ ಉಲ್ಟಾ."

ಮಳೆ ಗಳಿಗೆ ಹೊತ್ತು ತೆಳುವಾದಾಗ ದ್ವೀಪ ಕಂಡಿತು, ಗೇಣುದ್ದದ ಕಪ್ಪು ಹಸಿರು. ಅವನು ಮೊಳಕಾಲು ನೀರಿಗಿಳಿದು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ.

"ಭಾಳ ದೂರ ಏನಿಲ್ಲೋ. ನಮ್ಮ ಹೊಳಿ ಇಪ್ಪತ್ತು ಸಲ ದಾಟಿದಷ್ಟು."

ವಾಪಸು ರೈಲಿನಲ್ಲೇ ಕಾಕಾನಿಗೆ ಜ್ವರ ಹತ್ತಿತು. ಭಾಲ್ಕಿ ನಿಲ್ದಾಣದಲ್ಲಿ ಇಳಿದಾಗ ನಾನು ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ಕಾಕಾ ನನ್ನ ಕಿವಿ ಹಿಂಡಿ, ಕೆಮ್ಮುತ್ತಲೇ ನಕ್ಕ. "ಮಗನಾ, ಅದು ಕೋಳಿ ಅಂತ ಅವತ್ತೇ ಗೊತ್ತಾಗಿತ್ತು. ಸಮುದ್ರ ನೋಡೂದಿತ್ತು, ಬಂದೆ."

ಊರಲ್ಲಿ ಅವನಿಗೆ ದೋಣಿ ಇರಲಿಲ್ಲ. ಕೊಟ್ಟದ್ದನ್ನು ಕೇಳುವವನೂ ಅಲ್ಲ. ಹುಣಸೆಮರದ ಕೆಳಗೆ ಮಲಗಿ, ಅಣ್ಣನ ಮಗ ಗಳ ಹಾಕುವುದನ್ನು ನೋಡುತ್ತಿದ್ದ. ಕೆಮ್ಮು ಬಿಡಲಿಲ್ಲ. ದೀಪಾವಳಿಗೆ ನಾಲ್ಕು ದಿನ ಇದೆಯೆನ್ನುವಾಗ ನನ್ನನ್ನು ಕರೆಸಿದ.

"ಸರ್ಕಾರಕ್ಕ ಒಂದ್ ಕಾಗದ ಬರಿ ತಮ್ಮಾ. ಅಂಬಿಗ ಬಂದಿದ್ದ, ಹಂಗಾಮು ತಿಳೀದ ತಪ್ಪು ಹೊತ್ತಿಗಿ ಬಂದಿದ್ದ, ತಪ್ಪು ಅವಂದೇ ಅಂತ ಬರಿ. ಈಗ ಮಳಿ ನಿಂತದ, ಹೊಂಟು ಬರ್ತೇನಿ, ಜಾಗ ಯಾರಿಗೂ ಕೊಡಬ್ಯಾಡ್ರಿ ಅಂತ ಬರಿ."

ಬರೆದೆ. ಹೆಬ್ಬೆಟ್ಟು ಒತ್ತಿದ. ಹಬ್ಬದ ದಿನ ಹೋಗಿಬಿಟ್ಟ.

ಸಾಯುವಾಗಲೂ ಮುದುಕ ನನ್ನನ್ನು ಆಡಿಸಿದ ಎಂದು ನೀವು ನಗುತ್ತಿರಬಹುದು. ನಗಬೇಡಿ. ಇದರಲ್ಲಿ ನಾನು ಕಟ್ಟಿದ ಸುಳ್ಳು ಒಂದೇ ಒಂದು: ಭಾಲ್ಕಿ ನಿಲ್ದಾಣದಲ್ಲಿ ನಾನು ಅವನಿಗೆ ಏನನ್ನೂ ಹೇಳಲಿಲ್ಲ, ಅವನು ನಗಲೂ ಇಲ್ಲ.