ಚಾಲು ಎಂದ ಚಿಕ್ಕಮ್ಮ

ಹಿಂದೂಪುರದ ಯಾವುದಾದರೂ ಓಣಿಯಲ್ಲಿ ಮಗ್ಗಕ್ಕೆ ಬಿಡುವ ಎಣ್ಣೆಯ ವಾಸನೆ ಬಂದರೆ ಇಂದಿಗೂ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ನಿಮಗೂ ಅಂಥದೊಂದು ವಾಸನೆ ಇರಬಹುದು. ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಎರಡು ಪವರ್‌ಲೂಮ್ ಓಡುತ್ತಿದ್ದವು. ಆ ಸದ್ದಿನಲ್ಲಿ ನಾವೆಲ್ಲ ಅರ್ಧ ಕೇಳಿ, ಇನ್ನರ್ಧ ಊಹಿಸಿಕೊಂಡೇ ಬದುಕುತ್ತಿದ್ದೆವು. ಆ ಮನೆಗೆ ಕಲ್ಯಾಣದುರ್ಗದಿಂದ ಸೊಸೆಯಾಗಿ ಬಂದವಳು ಚಿಕ್ಕಮ್ಮ. ಕನ್ನಡ ಬರುತ್ತಿತ್ತು, ಅವಸರದಲ್ಲಿ ಮಾತ್ರ ತೆಲುಗೇ ಬಾಯಿಗೆ ಬರುತ್ತಿತ್ತು. ಪುಟ್ಟ ಹುಡುಗಿಯಾಗಿದ್ದ ನನಗೆ ಅವಳ ಮಾತೆಂದರೆ ತೀರದ ಕುತೂಹಲ. ಅವಳ ‘ಇಲ್ಲು’ ಎಂದರೆ ಮನೆ, ನಮ್ಮ ‘ಇಲ್ಲ’ ಎಂದರೆ ಏನೂ ಇಲ್ಲ. ಅಷ್ಟು ಹತ್ತಿರದ ಮಾತುಗಳು ಅಷ್ಟು ದೂರ ಹೇಗಾದವು ಎಂದು ಅವಳ ಸೆರಗು ಹಿಡಿದು ಕೇಳುತ್ತಿದ್ದೆ.

ಒಂದು ಮಧ್ಯಾಹ್ನ ಒಂದು ಮಗ್ಗ ನಿಂತಿತ್ತು. ಚಿಕ್ಕಮ್ಮ ಮುಂದೆ ಬಗ್ಗಿ ಕಡಿದ ಎಳೆ ಕಟ್ಟುತ್ತಿದ್ದಳು, ತಾತ ಹಿಂದಿನಿಂದ ನೂಲು ಸಡಿಲಿಸುತ್ತಿದ್ದ. ಸಾಕು ಎನ್ನಲು ಅವಳು ತೆಲುಗಿನಲ್ಲಿ “ಚಾಲು” ಎಂದಳು. ತಾತನಿಗೆ ತೆಲುಗು ಗೊತ್ತಿತ್ತು. ಆದರೆ ಆ ಕೋಣೆಯಲ್ಲಿ ಚಾಲು ಎಂದರೆ ಮಗ್ಗ ಶುರು ಮಾಡು ಎಂದೇ ಅರ್ಥ. ಸ್ವಿಚ್ ಒತ್ತಿಬಿಟ್ಟ. ಅವಳ ಬೆರಳುಗಳು ಜಜ್ಜಿಹೋದವು.

ಗಾಯ ಮಾಗಿತು, ಹೊಲಿಗೆ ಬಿಚ್ಚಿದರು. ಚಿಕ್ಕಮ್ಮ ಮಾತ್ರ ಮಾತು ಬಿಟ್ಟಳು. ಯಾವ ಮಾತು ಯಾರ ಕಿವಿಯಲ್ಲಿ ಏನಾಗುತ್ತದೋ ಎಂಬ ಭಯ. ಏನು ಕೇಳಿದರೂ ತಲೆಯಾಡಿಸುವುದಷ್ಟೇ. ನನ್ನ ಪ್ರಶ್ನೆಗಳಿಗೂ ಅಷ್ಟೇ. ತಾತ ಅವಳೆದುರು ಕೂತು, “ತಪ್ಪು ನಿಂದಲ್ಲ ಕಣಮ್ಮ. ನೀನು ಹೇಳಿದ್ದು ಸರಿಯಾಗೈತೆ, ನಾನೇ ನಂಗೆ ತಿಳಿದಂಗೆ ಕೇಳಿಸ್ಕೊಂಡ್ಬುಟ್ಟೆ” ಎಂದ. ಅಂದಿನಿಂದ ಸ್ವಿಚ್ ಒತ್ತುವ ಮೊದಲು ಮಗ್ಗ ಸುತ್ತಿ ಬಂದು, ಅವಳ ಮುಖ ನೋಡಿ ಕೇಳುತ್ತಿದ್ದ: “ಕೈ ತೆಗ್ದ್ಯೇನಮ್ಮ? ಸ್ವಿಚ್ ಆಕ್ಲಾ?” ಅವಳು ತಲೆಯಾಡಿಸಿದರೆ ಒಪ್ಪುತ್ತಿರಲಿಲ್ಲ. ಬಾಯಲ್ಲಿ ಹೇಳುವವರೆಗೆ ಕೈಕಟ್ಟಿ ನಿಲ್ಲುತ್ತಿದ್ದ. ಮೊದಮೊದಲು ಬರೀ ಒಂದು “ಹೂಂ” ಬರುತ್ತಿತ್ತು.

ಎಷ್ಟೋ ದಿನಗಳ ಮೇಲೆ ಒಮ್ಮೆ ತಾತ “ಆಕ್ಲಾ?” ಎಂದಾಗ ಅವಳು ತಲೆಯೆತ್ತಿ, “ಆಕು ಅಂದ್ರೆ ನಮ್ಮ ಕಡೆ ಎಲೆ, ಮಾವ. ಎಲೆ ಬ್ಯಾಡ, ಸ್ವಿಚ್ಚೇ ಆಕಿ” ಎಂದಳು. ತಾತ ನಕ್ಕು ನಕ್ಕು ಕಣ್ಣೊರೆಸಿಕೊಂಡ.

ತಾತ ಹೋದ. ಮಗ್ಗಗಳನ್ನು ಮಾರಿದರು, ಆ ಕೋಣೆ ಕೆಡವಿದರು. ಚಿಕ್ಕಮ್ಮ ಈಗ ಮಗಳ ಜೊತೆ ಕಲ್ಯಾಣದುರ್ಗದಲ್ಲಿದ್ದಾಳೆ. ಅಜ್ಜಿಯ ತೆಲುಗಿನಲ್ಲಿ ಕನ್ನಡದ ರಾಗವಿದೆಯೆಂದು ಮೊಮ್ಮಕ್ಕಳು ನಗುತ್ತಾರೆ. ಅದು ಯಾರ ರಾಗವೆಂದು ಅವರಿಗೆ ಗೊತ್ತಿಲ್ಲ.